ಕಪ್ಪುಮುಖದ ಡಯಾನಾ

...ಮುನ್ನೂರು ವರ್ಷ, ಸಿನ್ಯೋರ್ ಪಾಲ್ಮಿಯೇರಿ! ಮುನ್ನೂರು ವರ್ಷದಿಂದ ವಾಲ್ದಂಬ್ರಿ ಮನೆತನ ಈ ರೋಮಿನಲ್ಲಿ ತಲೆಯೆತ್ತಿ ಬಾಳಿದೆ. ಇಬ್ಬರು ಕಾರ್ಡಿನಲ್‌ಗಳನ್ನ ಕೊಟ್ಟ ಮನೆ ಇದು. ನಮ್ಮ ಕಡೆ ಬೆರಳು ತೋರಿಸಿದವರು ಒಬ್ಬರಿಲ್ಲ. ಇವತ್ತು ಯಾರೋ ಒಬ್ಬ, ಮೂರು ಕಾಲಿನ ಪೆಟ್ಟಿಗೆ ಹೊತ್ತು ಫೋಟೋ ತೆಗೆಯೋನು... ಕೂತ್ಕೋಬೇಡಿ! ಕೂರಿ ಅಂತ ನಾನು ಹೇಳಿಲ್ಲ.

ನೋಡಿ, ನೀವು ತೆಗೆದ ಈ ಫೋಟೋನ. ಈ ಅಂಗಳದಲ್ಲೇ ನಿಂತಿರೋ ನಮ್ಮ ಡಯಾನಾ ದೇವಿಯ ಶಿಲ್ಪ. ಮೈಯೆಲ್ಲ ಹಾಲಿನ ಹಾಗಿದೆ, ಕುತ್ತಿಗೆಯಿಂದ ಮೇಲೆ ಮಾತ್ರ ಇದ್ದಿಲು! ಇದನ್ನ ಅಂಗಡಿ ಕಿಟಕಿಗೆ ತೂಗುಹಾಕಿದ್ದೀರಿ. ಭಾನುವಾರ ಪೂಜೆ ಮುಗಿಸಿ ಬಂದ ಮಂದಿ, 'ಮಾರ್ಕೇಸಾ ದೊರೆಸಾನಿ ಮನೆ ದೇವಿ ಒಲೆ ಊದಿ ಬಂದಳೇನು?' ಅಂತ ನಕ್ಕರಂತೆ. ನೀವೂ ನಗ್ತೀರಾ? ಯಾಕೆ ನಗು?

ಊರೆಲ್ಲ ಏನು ಹೇಳ್ಕೊಂಡು ಬಂದಿರಿ? 'ಕಣ್ಣು ಗುರುತಿಸದ ಹಳದಿ ನನ್ನ ಫೋಟೋ ಗಾಜಿಗೆ ಕಪ್ಪಾಗಿ ಕಾಣ್ತದೆ. ಆ ತಲೆ ಹೊಸದು, ಹಳೆಯದರ ಹಾಗೆ ಕಾಣಲಿ ಅಂತ ಬಣ್ಣ ಕುಡಿಸಿದ್ದಾರೆ.' ಆಹಾ! ಎರಡು ಸಾವಿರ ವರ್ಷದ ಅಮೃತಶಿಲೆಗೆ ನಿಮ್ಮ ಎರಡು ನಿಮಿಷದ ಗಾಜು ಸಾಕ್ಷಿ! ಈಗ ಪೋಪರ ಅಧಿಕಾರಿ ಗುರುವಾರ ತಲೆ ಪರೀಕ್ಷೆಗೆ ಬರ್ತಾನಂತೆ. ಹಳೆಯ ಶಿಲ್ಪದ ಒಂದು ಚೂರನ್ನೂ ಅಪ್ಪಣೆಯಿಲ್ಲದೆ ಗಡಿ ದಾಟಿಸಬಾರದು... ಗೊತ್ತು, ಗೊತ್ತು! ನನಗೇ ಕಾನೂನು ಹೇಳಿಕೊಡ್ತೀರಾ? ನಾನು ಕಾನ್ವೆಂಟಿನ ಸನ್ಯಾಸಿನಿಯರ ಕೈಯಲ್ಲಿ ಬೆಳೆದವಳು. ಸುಳ್ಳಾಡಿದ ಹುಡುಗಿಯರ ಬೆರಳಿಗೆ ಕೋಲು ಬೀಳ್ತಿತ್ತು. ನನ್ನ ಬೆರಳಿಗೆ ಒಂದು ಸಲವೂ ಬಿದ್ದಿಲ್ಲ.

ಎಲ್ಲಿಗೆ ಹೊರಟಿರಿ? ಕರವಸ್ತ್ರ ಯಾಕೆ ಕಾರಂಜಿಯಲ್ಲಿ ಅದ್ದುತ್ತಿದ್ದೀರಿ? ಬೇಡ... ಡಯಾನಾಳ ಮುಖ ಮುಟ್ಟಬೇಡಿ. ಒರೆಸಬೇಡಿ ಅಂದೆ!

...ಅದು ಧೂಳು. ರೋಮಿನ ಧೂಳು. ಕಂದು ಬಣ್ಣವೇ ಇರ್ತದೆ ಧೂಳು. ಯಾಕೆ ಮೂಸ್ತೀರಿ? ಕಾಫಿ ಅಲ್ಲ ಅದು!

ಏನು ಹಾಗೆ ನೋಡ್ತೀರಿ? ನೀವೇ ಅಂದಿರಲ್ಲ, ಕಾಫಿ ಅಂತ... ಅನ್ನಲಿಲ್ವಾ?

ಮಾತಾಡಿ, ಏನಾದರೂ ಮಾತಾಡಿ! ನಮ್ಮ ಡಯಾನಾಳ ತಲೆ ಎಲ್ಲಿಗೂ ಹೋಗಿಲ್ಲ. ಯಾವ ಇಂಗ್ಲಿಷರ ಹಡಗೂ ಹತ್ತಿಲ್ಲ, ನಿಂಬೆಹಣ್ಣಿನ ಪೆಟ್ಟಿಗೆಯಲ್ಲಿ ಯಾರೂ...



ಆ ಕರವಸ್ತ್ರ ಇಲ್ಲಿ ಕೊಡಿ. ಮಡಚಬೇಡಿ. ಜೇಬಿಗೆ ಹಾಕ್ಕೋಬೇಡಿ...

ಸರಿ. ಕ್ಷಮೆ ಕೇಳಿ. ಇಲ್ಲೇ, ಈಗಲೇ, ನನ್ನ ಮುಂದೆ ನಿಂತು ಕ್ಷಮೆ ಕೇಳಿ.