ಹಿಂದೆ ಎಷ್ಟು ಕುಲುಕುತ್ತೆ

ಇದು ಕಟ್ಟಿದ ಕತೆಯಲ್ಲ, ಕದ್ದು ಕೇಳಿದ್ದು. ವಾಹನ ನೋಂದಣಿ ಕಚೇರಿಯ ಸಾಲಿನಲ್ಲಿ ನನ್ನ ಮುಂದಿದ್ದವರು ಹಳೇ ಶವವಾಹನ ಮಾರುತ್ತಿದ್ದ ಮುದಿ ಡ್ರೈವರ್ ಮತ್ತು ಅದನ್ನು ಕೊಳ್ಳುತ್ತಿದ್ದ ಮೆಕ್ಯಾನಿಕ್.

“ಗಾಡಿ ಒಯ್ಯೋಕೆ ಮೊದಲ ಸಲ ಬಂದಾಗ ಬ್ಯಾಟರಿ ಬಚ್ಚಿಟ್ರಿ, ಆಮೇಲೆ ಚಕ್ರ. ನಿನ್ನೆ ತಗೊಂಡು ಹೊರಟ್ರೆ ಹಿಂದೆ ಮುಸುಕೆಳ್ಕೊಂಡು ನೀವೇ ಮಲಗಿದ್ರಿ.”

“ನಲವತ್ತು ವರ್ಷ ಮುಂದೆ ಕೂತವನು ನಾನು. ಹಿಂದೆ ಎಷ್ಟು ಕುಲುಕುತ್ತೆ ಅಂತ ನೋಡ್ಬೇಕಿತ್ತು.”

“ಸಿಗ್ನಲಲ್ಲಿ ಎದ್ದು ಕೂತ್ರಲ್ಲ, ಗಾಡಿ ಬಿಟ್ಟು ಓಡ್ಹೋದೆ.”

“ಡಾಕ್ಟ್ರು ಎರಡು ತಿಂಗಳು ಅಂದಿದಾರಪ್ಪ. ಬೇರೆ ಗಾಡೀಲಿ ಹೋಗೋಕೆ ಮನಸ್ಸಿಲ್ಲ.”

ಮೆಕ್ಯಾನಿಕ್ ಜೇಬಿನಿಂದ ಪೆನ್ನು ತೆಗೆದು ಕೊಟ್ಟ.

“ಸಹಿ ಹಾಕಿ, ಯಜಮಾನ್ರೇ. ಆವತ್ತು ನಾನೇ ಓಡಿಸ್ತೀನಿ.”

“ಎರಡನೇ ಗೇರು ಜಾರುತ್ತೆ. ನಿಧಾನ.”

“ಆವತ್ತೂ ಎದ್ದು ಕೂತ್ರೆ ಓಡಲ್ಲ. ಮನೆಗೆ ಬಿಟ್ಟು ಬರ್ತೀನಿ.”

ಇಬ್ಬರೂ ನಕ್ಕರು, ಓಡಿಹೋಗಿದ್ದವನ ನಗುವೇ ಜೋರು. ಕೌಂಟರಿನವರು ಕರೆದರು, ಹೋದರು.