ಕರೆಂಟಿನ ಕುಂಟೆಬಿಲ್ಲೆ

ಕೂತ್ಕಳಕ್ಕೆ ಬಂದಿಲ್ಲ ಮೇಷ್ಟ್ರೆ ನಾನು. ಆ ಸ್ಟೂಲು ನೀವೇ ಇಟ್ಕಳಿ. ನಿಂತ್ಕಂಡೇ ಕೇಳ್ತೀನಿ, ನಿಂತ್ಕಂಡೇ ಹೋಯ್ತೀನಿ. ನನ್ ಮಗಳ ಹೆಸ್ರು ಯಾಕ್ ಹೊಡ್ದಾಕಿದ್ರಿ, ಅದನ್ ಹೇಳಿ ಮೊದ್ಲು... ಯಾಕೆ, ಕಾಲು ನೋಡ್ತೀರ? ಕಾಲ್ಗೇನಿಲ್ಲ. ಜಾಲಿಮುಳ್ಳು ಚುಚ್ತು. ಅರಿಶಿಣ ಮೆತ್ತಿ ಬಟ್ಟೆ ಸುತ್ತಿದೀನಿ, ಅದಕ್ಕೇ ಒಸಿ ಕುಂಟ್ತಿರೋದು. ಕುರಿ ಹಿಂದೆ ತಿರುಗೋರ ಕಾಲಿಗೆ ಮುಳ್ಳು ಚುಚ್ಚದೆ ಮಲ್ಲಿಗೆ ಹೂವ ಚುಚ್ತದಾ? ಮಾತು ತಿರುಗಿಸ್ಬೇಡಿ.

ನಾಳಿದ್ದು ಗುರುವಾರ ಸಿರಾದಾಗೆ ಎಜ್ಜಿಬಿಷನ್ನು. ತಾಲೂಕಿನ ಇಸ್ಕೂಲು ಮಕ್ಕಳೆಲ್ಲ ಬತ್ತಾವೆ, ನಮ್ ಹಟ್ಟಿ ಇಸ್ಕೂಲಿಂದ ಜುಂಜಮ್ಮನೇ ಬಂದು ಆ ಕರೆಂಟಿನ ಕುಂಟೆಬಿಲ್ಲೆ ಆಡಿ ತೋರಿಸ್ಬೇಕು ಅಂತ ಮನೆ ಬಾಗ್ಲಿಗೆ ಬಂದು ಹೇಳ್ದೋರು ಯಾರು? ಈ ನಂದೀಶ್ವರಯ್ಯ ಮೇಷ್ಟ್ರು. ಜುಂಜಮ್ಮ ಬೇಡ, ಪರ್ವತಯ್ಯನ ಮಗಳು ಬರ್ಲಿ ಅಂತ ನೆನ್ನೆ ಹೇಳ್ದೋರು ಯಾರು? ಅದೂ ನೀವೇ. ನಾನು ಗೌರಕ್ಕನ ಮನೆಯಿಂದ ಲಂಗ ಈಸ್ಕಂಡು, ಒಗ್ದು, ಬೇಲಿ ಮೇಲೆ ಒಣಾಕಿದೀನಿ. ಹೋಗಿ ಬಂದೋರೆಲ್ಲ, ಏನ್ ಈರಕ್ಕ, ಮಗಳು ಸಿರಾಕ್ಕೆ ಹೊಂಟ್ಲಂತೆ ಅಂತಾರೆ. ಈಗ ಆ ಲಂಗನ ಏನ್ ಮಾಡ್ಲಿ, ನೀವೇ ಉಟ್ಕಳಿ.

ಅವ್ಳೇ ಒಪ್ಕಂಡ್ಲು ಅಂತೀರ. ಒಪ್ಕಂಡ್ರೆ? ಹನ್ನೊಂದು ವರ್ಸದ ಹುಡ್ಗಿ. ನೆನ್ನೆ ಬೆಳಗ್ಗೆ ನೀವು ನಿಮ್ ಬೀಗದ ಕೈಯಾಗೆ ಬಾಗ್ಲು ತೆಗ್ದು ನೋಡಿದ್ರಂತೆ. ತಗಡೆಲ್ಲ ಕಿತ್ತೋಗಿತ್ತಂತೆ, ವೈರು ಹರ್ದಿತ್ತಂತೆ, ಬಲ್ಬು ಪುಡಿಪುಡಿ ಆಗಿತ್ತಂತೆ. ಇನ್ನೊಂದು ಬೀಗದ ಕೈ ಯಾರತ್ರ ಅಂದ್ರಂತೆ. ದಿನಾ ಕಸ ಗುಡ್ಸೋಳು ಇವ್ಳು, ಆ ಬೀಗದ ಕೈ ಇವ್ಳ ಲಂಗದ ತುದೀಲಿ. ನಾನೇ ಮುರ್ದೆ ಅಂದ್ಬುಟ್ಲಂತೆ. ನೀವು ತಕ್ಷಣ ಹೆಸ್ರು ಹೊಡ್ದಾಕಿದ್ರಂತೆ. ಅಲ್ಲ, ಯಾಕವ್ವ ಮುರ್ದೆ, ಆ ಆಟ ಅಂದ್ರೆ ಪ್ರಾಣ ಬಿಡ್ತಿದ್ದೋಳು ನೀನು ಅಂತ ಒಂದ್ ಮಾತು ಕೇಳ್ಬೇಡ್ವಾ?

ಕೇಳಿದ್ರಾ... ಕೇಳಿದ್ದಕ್ಕೇನಂದ್ಲು?

ಹ್ಞೂಂ. ಸುಮ್ನಿದ್ಲು. ಸುಮ್ನಿರೋರೆಲ್ಲ ಕಳ್ರು ಅಂತ ನಿಮ್ ಪುಸ್ತಕದಾಗೆ ಬರ್ದೈತಾ?

ಮಕ್ಕಳನ್ನ ಬುಡಿ. ನಿಮ್ಮನ್ನೇ ಬೈಬೇಕು. ಹಟ್ಟೀಲಿ ಒಂದ್ ಮನೆಗೂ ಕರೆಂಟಿಲ್ಲ, ಕಂಬ ನೆಟ್ಟು ಮೂರ್ ವರ್ಸ ಆತು, ಕಾಗೆ ಕೂರೋಕಾತು ಅದು. ಅಂಥಾ ಊರಿಗೆ ಕರೆಂಟಿನ ಕುಂಟೆಬಿಲ್ಲೆ ತಂದ್ರಲ್ಲ ನೀವು, ಮಧುಗಿರಿಯಿಂದ ಸೈಕಲ್ ಕ್ಯಾರಿಯರ್ರಿಗೆ ಕಟ್ಕಂಡು. ಎಣ್ಣೆ ಡಬ್ಬ ಹರ್ದು ತಗಡು ಮಾಡಿ, ಒಂಬತ್ತು ಮನೆ ಹಾಸಿ, ಮನೆಗೊಂದು ಸಂಖ್ಯೆ ಬರ್ದು, ಬ್ಯಾಟ್ರಿ ಸೆಲ್ಲು ಕಟ್ಟಿ... ನೀವು ಮೇಜಿನ ಮೇಲಿನ ತಿರುಗಣೆ ತಿರುವಿ ಮಗ್ಗಿ ಕೇಳೋದಂತೆ, ಮಕ್ಕಳು ಒಂಟಿಕಾಲಾಗೆ ಎಗರಿ ಉತ್ತರದ ಮನೆ ಮೇಲೆ ನಿಲ್ಲೋದಂತೆ. ಸರಿಯಾದ್ರೆ ಹಸಿರು ಬಲ್ಬು ಹತ್ಕಂಡು ಗಂಟೆ ಬಾರಿಸ್ತದಂತೆ. ತಪ್ಪಾದ್ರೆ ಗೊರ್ ಅಂತದೆ, ಕುರಿ ಕತ್ತು ಹಿಸುಕ್ದಂಗೆ. ಎದೆಗೇ ಹಾಯ್ತದೆ ಆ ಸದ್ದು.

ನಾನೆಲ್ ಕೇಳಿದ್ನಾ? ಜುಂಜಿ ಹೇಳ್ತಾಳಲ್ಲ ದಿನಾ. ನಾನು ಈ ಬಾಗ್ಲು ದಾಟಿದ್ದು ಇವತ್ತೇ ಮೊದ್ಲು. ಅವ್ಳು ಮನೇಲಿ ಬಾಯಲ್ಲೇ ಸದ್ದು ಮಾಡಿ ತೋರಿಸ್ತಾಳೆ. ಯಾಕ್ ನಗ್ತೀರ? ನಗೋ ಅಂಥದ್ದೇನೂ ಇಲ್ಲ ಇಲ್ಲಿ.

ನಮ್ ಕಾಲದಾಗೆ ಮಕ್ಕಳು ಕೂತು ಮಗ್ಗಿ ಕಲೀತಿದ್ರಂತೆ, ಕೋಲು ಮುಂದಿಟ್ಕಂಡು. ನೀವು ಬಂದು ಕುಣ್ಸಿದ್ರಿ. ಜುಂಜಿ ನೀರಿಗೆ ಹೋಗ್ತಾ ಕುಂಟ್ತಾಳೆ, ಬರ್ತಾ ಕುಂಟ್ತಾಳೆ. ಎರಡು ಕೊಡ ಒಡ್ದವೆ. ಕುರಿಮರಿ ಮುಂದೆ ನಿಂತ್ಕಂಡು ಒಂಬತ್ತರ ಮಗ್ಗಿ ಹೇಳ್ತಾಳೆ, ಅವು ಬ್ಯಾ ಅಂದ್ರೆ ಸರಿ ಅಂತ ಅರ್ಥವಂತೆ. ಮಾರಕ್ಕನ ಮಗ ಒಬ್ಬ, ಇಸ್ಕೂಲು ಅಂದ್ರೆ ಕಳ್ಳಿ ಗಿಡದ ಸಂದೀಲಿ ಅಡಗ್ತಿದ್ದ, ಅವನೂ ಈಗ ಗಂಟೆ ಹೊಡ್ಯೋಕ್ ಮುಂಚೆ ಬಂದು ಕೂರ್ತಾನೆ. ಕುರಿ ಕಾಯೋರ್ ಯಾರು ಹಂಗಾದ್ರೆ? ಹನ್ನೆರಡರ ಮಗ್ಗಿ ತಂಕ ಬತ್ತದಂತೆ ಜುಂಜಿಗೆ, ಒಂದೇ ತಿಂಗ್ಳಾಗೆ. ಬಂದ್ರೆ ಏನಾತು? ಕುಣ್ದು ಕಲ್ತಿದ್ದು ಬೆವರಿನ ಜತೆ ಒಣಗ್ತದೆ.

ನಂಗೆ ಲೆಕ್ಕ ಗೊತ್ತಿಲ್ದೆ ಆಡ್ತಿದೀನಿ ಅಂತ ತಿಳ್ಕಬೇಡಿ. ಹಟ್ಟೀಲಿ ಯಾರನ್ನಾದ್ರೂ ಕೇಳಿ. ಬೆಳಗ್ಗೆ ರೊಪ್ಪದ ಬಾಗ್ಲಾಗೆ ನಿಂತ್ಕಂಡೆ ಅಂದ್ರೆ, ತಲೆಟಗರು ಮುಂದೆ, ಕುರಿ ಹಿಂದೆ, ಮರಿ ಕೊನೇಗೆ, ಮೂರು ನಾಲ್ಕು ಒಟ್ಟೊಟ್ಟಿಗೆ ಹಾರ್ಕಂಡು ಓಡಿದ್ರೂ ಒಂದೂ ತಪ್ಪಲ್ಲ. ನಮ್ಮ ಯಜಮಾನ ಕ್ಯಾತಣ್ಣ ಎರಡು ಸಲ ಎಣಿಸಿದ್ರೆ ಎರಡು ಲೆಕ್ಕ ಹೇಳ್ತಾನೆ, ಆಮೇಲೆ ನನ್ ಮಖ ನೋಡ್ತಾನೆ. ಮದಲೂರು ಕೆರೆ ಅಂಗಳದಾಗೆ ಮೂರು ಹಟ್ಟಿ ಕುರಿ ಒಂದ್ರಾಗೊಂದು ಬೆರ್ತೋದಾಗ, ಈರಕ್ಕನ್ನ ಕರೀರಿ ಅಂದ್ರು. ಗಂಡಸ್ರು ಅಂದಿದ್ದು ಅದು. ಒಂದ್ಸಲಕ್ಕೆ ಏಳು ಸಾಲು, ಸಾಲಿಗೆ ಎಂಟು ಕುರಿ ನಿಲ್ಸಿ, ಬೆರಳು ಮಡಚದಂಗೇ ಲೆಕ್ಕ ಹೇಳ್ದೆ. ನಂಗ್ಯಾವ ತಗಡೂ ಬೇಕಿರ್ಲಿಲ್ಲ, ಬಲ್ಬೂ ಬೇಕಿರ್ಲಿಲ್ಲ.

ನೀರು ಬೇಡ ನಂಗೆ.

ಇನ್ನೊಂದು ಮಾತು. ಮಕ್ಕಳಿಗೆ ಅಂತ ಮಾಡ್ದೋರಿಗೆ ಒಸಿ ಬುದ್ಧಿ ಬೇಡ್ವಾ? ನಮ್ ಹಟ್ಟಿ ಒಳಗೆ ಯಾರೂ ಮೆಟ್ಟು ಹಾಕಲ್ಲ, ಎಲ್ಲಾ ಬರಿಗಾಲು. ನೀವು ನೋಡಿದ್ರೆ ತಗಡಿನ ಅಂಚು ಮಡಚ್ದೆ ಹಂಗೇ ಬುಟ್ಟಿದೀರ. ಸುತ್ತಲೂ ಸೈಕಲ್ ಟ್ಯೂಬು ಮೆತ್ತಿ ಆ ಮೂಲೇಲಿ ಮಾತ್ರ ಮೆತ್ತಿಲ್ಲ. ಕಿಟಕಿ ಕಡೆ ಮೂಲೆ ಮನೆ. ಕುಡಗೋಲು ಇದ್ದಂಗದೆ. ಸರಿಯಾಗ್ ಕಾಲಿಟ್ರೆ ಏನಾಗಲ್ಲ, ಜಾಡಿಸಿ ಒದ್ದ್ರೆ ಮಾತ್ರ...

ಕಿಟಕೀಲಿ ನೋಡಿದ್ದೆ. ಕಿಟಕೀಲಿ ಕಾಣ್ತದೆ.

ಯಾಕಿಂಗೆ ನೋಡ್ತೀರ? ಆ ವೈರು, ಇಕ್ಕಳ ಕೆಳಗಿಟ್ಟು ಮಾತಾಡಿ. ಬಾಯಿ ಇಲ್ವಾ ನಿಮ್ಗೆ? ಮಕ್ಕಳ ಮುಂದೆ ಗಂಟೆಗಟ್ಲೆ ಮಾತಾಡ್ತೀರಂತೆ. ಹೆಂಗಸು ಒಬ್ಳು ಬಂದು ಇಷ್ಟೊತ್ತಿಂದ ಬಡ್ಕಂತಾವ್ಳೆ, ಅವಳ ಕಾಲು ನೋಡ್ಕಂಡು ಕೂತಿದೀರಲ್ಲ, ಮಾನಸ್ಥರ ಲಕ್ಷಣವಾ ಇದು? ಕ್ಯಾತಣ್ಣ ಕುರಿ ಮೇಯಿಸ್ಕಂಡು ತಾವರೆಕೆರೆ ಕಡೆ ಹೋಗವ್ನೆ, ಇಲ್ದಿದ್ರೆ ಅವನನ್ನೇ ಕರ್ಕಂಡು ಬರ್ತಿದ್ದೆ.

ಏನದು? ಆ ತಗಡು ಯಾಕೆ ಎತ್ತಿ ತೋರಿಸ್ತೀರ?

ಗೊತ್ತಾಗ್ತದೆ, ಕಣ್ಣು ಚೆನ್ನಾಗವೆ ನಂಗೆ. ರಕ್ತ. ಒಣಗಿ ಕರ್ರಗಾಗದೆ. ಅದಕ್ಕೇನೀಗ? ಜುಂಜೀದು ಇರ್ಬೇಕು...

ಇಲ್ಲ. ಜುಂಜೀದಲ್ಲ. ಅವ್ಳ ಕಾಲು ನೀವೂ ನೋಡಿರ್ತೀರ, ಒಂದು ಗೀರೂ ಇಲ್ಲ. ಅವ್ಳದು ಅಂತ ಯಾಕಂದ್ನೋ. ನಾಯಿ ನುಗ್ಗಿರ್ಬೇಕು ಒಳಗೆ. ಹಟ್ಟಿ ನಾಯಿ ಗೊತ್ತಲ್ಲ ನಿಮ್ಗೆ, ತೆರ್ದ ಬಾಗ್ಲು ಕಂಡ್ರೆ... ಬೀಗ ಹಾಕಿತ್ತಾ? ಹಾಕಿದ್ರೆ ಹಾಕಿರ್ಲಿ. ನಂಗೇನೂ ಗೊತ್ತಿಲ್ಲ. ನಾನು ಈ ಕಡೆ ಬಂದೇ ಇಲ್ಲ. ಬೇಕಾದ್ರೆ ಜುಂಜಪ್ಪನ ಮೇಲೆ...

ಜುಂಜಪ್ಪನ ಮೇಲೆ ಆಣೆ ಯಾಕಿಡ್ಲಿ? ತಗಡಿನ ಆಟಕ್ಕೆಲ್ಲ ದೇವ್ರನ್ನ ಎಳೀಬಾರ್ದು.

ನೀವು ಆಣೆ ಕೇಳ್ಲಿಲ್ಲ. ಹೌದು, ಕೇಳ್ಲಿಲ್ಲ ನೀವು. ಏನೂ ಕೇಳ್ತಿಲ್ಲ. ಬೈದ್ರೂ ಸುಮ್ನಿದೀರ. ಅವಳೂ ಇಂಗೇ, ನೆನ್ನೆಯಿಂದ ಊಟ ಬುಟ್ಟು ಗೋಡೆ ಕಡೆ ತಿರುಗಿ ಕೂತವ್ಳೆ, ಒಂದು ಮಾತಿಲ್ಲ. ಬೈಯವ್ವ, ಅಳವ್ವ, ಏನಾರ ಅನ್ನು ಅಂದ್ರೂ ಇಲ್ಲ. ಬೈದ್ರೆ ತಡ್ಕಬಹುದು ಮೇಷ್ಟ್ರೆ. ಇದನ್ನ ಹೆಂಗ್ ತಡ್ಕಳದು?

ಸರಿ. ಆ ಸ್ಟೂಲು ಕೊಡಿ ಇತ್ತ. ನಿಂತು ನಿಂತು ಕಾಲು ಸಿಡೀತಾ ಅದೆ.

ನಾನೇ. ಗೊತ್ತಾಯ್ತಲ್ಲ? ನೀವು ತಗಡು ಎತ್ತೋಕ್ ಮುಂಚೇನೇ ಗೊತ್ತಿತ್ತು ನಿಮ್ಗೆ, ನಾನು ಕುಂಟ್ಕಂಡು ಬಾಗ್ಲಾಗೆ ಬಂದಾಗಲೇ.

ಮೊನ್ನೆ ಸಂಜೆ, ಕುರಿ ರೊಪ್ಪಕ್ಕೆ ಕೂಡಿದ ಮೇಲೆ, ಕೈ ಹಿಡ್ದು ಎಳ್ಕಂಡು ಬಂದ್ಲು. ಅವ್ವ, ನೀನೂ ಆಡವ್ವ, ಆ ಹಸಿರು ಬಲ್ಬು ನಿಂಗೂ ಹತ್ತತದೆ ಅಂದ್ಲು. ಬೇಡ ಅಂದೆ. ಬೇಡ ಅಂದಿದ್ದು ಬಾಯಿ, ಕೈ ಆಗ್ಲೇ ಸೀರೆ ಎತ್ತಿ ಕಟ್ತಿತ್ತು. ನಾನೂ ಆಡ್ದೋಳೇ. ಬಂಡೆ ಮೇಲೆ ಇದ್ಲಿನಾಗೆ ಮನೆ ಬರ್ಕಂಡು ಕುಂಟೆಬಿಲ್ಲೆ ಆಡ್ತಿದ್ದೆ, ನನ್ ಗೆದ್ದೋರಿಲ್ಲ. ಮದ್ವೆ ಆದ್ಮೇಲೆ ಒಂದ್ ದಿನ ಒಂಟಿಕಾಲಾಗೆ ನಿಂತಿರ್ಲಿಲ್ಲ. ನಿಂತೆ. ಕಾಲು ಮರ್ತಿರ್ಲಿಲ್ಲ ಮೇಷ್ಟ್ರೆ.

ಅವ್ಳು ನಿಮ್ ಕುರ್ಚೀಲಿ ಕೂತು ತಿರುಗಣೆ ತಿರುವಿ ಕೇಳಿದ್ಲು, ನಿಮ್ಮಂಗೇ ಗತ್ತಿನಾಗೆ. ಏಳೆಂಟ್ಲ? ಅವ್ಳು ಬಾಯ್ ಮುಚ್ಚೋಕ್ ಮುಂಚೆ ಅಂದೆ ನಾನು, ಐವತ್ತಾರು. ಹಂಗಾದ್ರೆ ಎಗರವ್ವ ಅಂದ್ಲು.

ನೋಡ್ದೆ. ಐದು ಹೆಂಗಿರ್ತದೆ ಅಂತ ಗೊತ್ತು ನಂಗೆ, ಆರು ಹೆಂಗಿರ್ತದೆ ಅಂತಲೂ ಗೊತ್ತು. ಹೋದ್ ವರ್ಸ ಒಲೆ ಬೂದಿ ಹರಡಿ ಒಂದರಿಂದ ಒಂಬತ್ತು ಬರ್ದು ತೋರಿಸಿದ್ಲು ಇವ್ಳೇ. ಆದ್ರೆ ಇಲ್ಲಿ ಎರಡು ಮನೇಲೂ ಅವೆರಡೇ ಇದ್ವು. ಒಂದ್ರಾಗೆ ಐದು ಮುಂದೆ, ಇನ್ನೊಂದ್ರಾಗೆ ಆರು ಮುಂದೆ. ಯಾವ್ದಪ್ಪ ಅಂತ ಒಂಟಿಕಾಲಾಗೇ ನಿಂತೆ. ಐದಕ್ಕಿಂತ ಆರು ದೊಡ್ಡದು. ದೊಡ್ಡದು ಮುಂದೆ, ಚಿಕ್ಕದು ಹಿಂದೆ. ಟಗರು ಮುಂದೆ, ಮರಿ ಹಿಂದೆ. ನಾನು ಹುಟ್ಟಿದಾಗಿಂದ ನೋಡಿರೋದು ಹಂಗೇ. ಆರು ಮುಂದಿದ್ದ ಮನೆಗೆ ಎಗರಿದೆ, ಕಿಟಕಿ ಪಕ್ಕದ್ದಕ್ಕೆ.

ಗೊರ್ ಅಂತು.

ಇನ್ನೂ ಒತ್ತಿ ನಿಂತೆ, ಬಲ್ಬು ಹತ್ತತದೇನೋ ಅಂತ. ಇನ್ನೂ ಜೋರಾಗಿ ಗೊರ್ ಅಂತು. ಅವ್ಳು, ಅವ್ವ ಅದು ಅರವತ್ತೈದು ಕಣವ್ವ ಅಂದು ಬಾಯಿಗೆ ಕೈ ಅಡ್ಡ ಹಿಡ್ಕಂಡ್ಲು. ನಕ್ಲು. ಕೆಟ್ಟ ನಗು ಅಲ್ಲ, ನಂಗೊತ್ತು. ಆದ್ರೂ ನನ್ ಮಗಳು ನನ್ನ ನೋಡಿ ಬಾಯಿ ಮುಚ್ಕಂಡು ನಕ್ಲು. ಮೂರು ಹಟ್ಟಿ ಕುರಿ ಎಣಿಸ್ದೋಳು ನಾನು.

ಆಮೇಲೆ ಏನ್ ಮಾಡ್ದೆ ಅಂತ ನಿಮ್ಮ ಮುಂದೇನೇ ಬಿದ್ದದೆ. ಒದ್ದೆ, ಕಿತ್ತೆ, ಕಾಲು ಕುಯ್ತು, ಅದೇ ಕಾಲಾಗೆ ಇನ್ನೊಂದ್ ಸಲ ಒದ್ದೆ. ಅವ್ಳು ತಡೀಲಿಲ್ಲ, ಮೂಲೇಲಿ ನಿಂತಿದ್ಲು. ಮನೆಗೆ ಹೋಗಿ ಕಾಲ್ ತೊಳ್ದು ಅರಿಶಿಣ ಮೆತ್ತಿದ್ದೂ ಅವ್ಳೇ, ಬಟ್ಟೆ ಸುತ್ತಿದ್ದೂ ಅವ್ಳೇ. ಹಂಗೆ ಸುತ್ತುವಾಗ ಅವ್ಳ ಕೈ ಹಿಡ್ಕಂಡು, ಯಾರ್ಗೂ ಹೇಳಲ್ಲ ಅಂತ ಜುಂಜಪ್ಪನ ಮೇಲೆ ಆಣೆ ಮಾಡು ಅಂದೆ. ಮಾಡ್ಸ್ದೆ. ಅವ್ಳಿಗೆ ಇಟ್ಟ ಹೆಸ್ರೇ ಆ ದೇವ್ರದ್ದು. ಇನ್ನೆಲ್ಲಿ ಬಾಯ್ ಬುಡ್ತಾಳೆ ನಿಮ್ಮತ್ರ?

ನೀವು ಕೇಳಿದಾಗ ಸುಮ್ನಿದ್ದದ್ದು ಅದಕ್ಕೆ.

ಆಣೆ ಅವ್ಳದು, ನಂದಲ್ಲ. ನಾನು ಹೇಳ್ಬಹುದು. ಹೇಳ್ದೆ. ಪರ್ವತಯ್ಯನ ಮಗಳನ್ನ ಮುಂದಿನ್ ವರ್ಸ ಕರ್ಕಂಡು ಹೋಗಿ. ತಗಡು ಬಡಿಯೋಕೆ ಸುತ್ತಿಗೆ ಕೊಡಿ, ನಾನೂ ಕೂತು ಬಡೀತೀನಿ, ಇವತ್ತೂ ನಾಳೆನೂ ಇಲ್ಲೇ ಕೂರ್ತೀನಿ. ಅವ್ಳ ಹೆಸ್ರು ತಿರ್ಗ ಬರೀರಿ.

ಆ ಪುಸ್ತಕದಾಗಾ? ಅದ್ರಾಗೇನಾ ಮೊದ್ಲು ಬರ್ದಿದ್ದು? ಹ್ಞಾ, ಇಲ್ಲೊಂದು ಗೀಟು ಎಳ್ದಿದೀರ, ಇದೇ ಅವ್ಳದು ಇರ್ಬೇಕು. ಅದ್ರ ಕೆಳಗೇ ಬರೀರಿ.

ಬರ್ದ್ರಾ? ಅವ್ಳದೇ ತಾನೆ? ಯಾವ್ದು ಮುಂದೆ, ಯಾವ್ದು ಹಿಂದೆ ಅಂತ ನಂಗೇನ್ ತಿಳೀತದೆ. ಇಷ್ಟೊತ್ತು ಸುಮ್ನಿದ್ರಿ, ಇದೊಂದ್ಸಲ ಬಾಯ್ಬುಟ್ಟು, ಗಟ್ಟಿಯಾಗಿ ಓದಿ ಹೇಳಿ ಮೇಷ್ಟ್ರೆ.