ಬೂದೆವ್ವನ ಮನಿ ಮುಂದಿನ ಬೋರಿಂಗು

…ಬಾಗ್ಲಾ ಮುಂದ ಮಾಡು ಬೂದೆವ್ವ. ಮೊದ್ಲು ನನ್ನ ತಲಿ ಮ್ಯಾಲ ಕೈಯಿಟ್ಟು ಆಣಿ ಮಾಡು, ಯಾರ ಮುಂದೂ ಬಾಯಿ ಬಿಡಂಗಿಲ್ಲಂತ. ಓಣಿ ತುದಿ ಮನಿ ಜೈಬುನ್ನೀಸಾನ ಮುಂದಂತೂ ಹೇಳಬ್ಯಾಡ, ಆಕಿಗೆ ನಾ ಮುಂಜಾನಿನೇ ಹೇಳೀನಿ. ಯಾಕ ನಗ್ತಿ? ಇಡು ಕೈ. ಹಾಂ.

ನಿನ್ನ ಹೆಸರು ವಿಧಾನಸೌಧದ ಕಾಗದದಾಗ ಅಚ್ಚಾಗ್ಯದ. ಈ ದುರುಗವ್ವ ಯಾವಾಗ ಸುಳ್ಳ ಹೇಳ್ಯಾಳ? ನಂದು ರೇಷನ್ ಕಾರ್ಡಿನ್ಯಾಗ ಸೈತ ನೆಟ್ಟಗಿಲ್ಲ, ನಿಂದು ನೋಡು, ಮಂತ್ರಿ ಸಹಿ ಮ್ಯಾಲ.

ಆತೇನಂದ್ರ, ನಮ್ಮ ಕಡಿ ಎಮ್ಮೆಲ್ಲೆ, ವಿರೋಧ ಪಕ್ಷದಾವ, ಸರ್ಕಾರಕ್ಕ ಬರದು ಕೇಳ್ಯಾನ. ದೇವದುರ್ಗ ತಾಲೂಕಿನ್ಯಾಗ ಎಷ್ಟು ಕೈಪಂಪಿನ ಬೋರಿಂಗು ಹಾಕೀರಿ, ಎಷ್ಟರಾಗ ನೀರು ಬರ್ತದಂತ. ಬಾಯಿಲೆ ಕೇಳಿದ್ರ ಗದ್ದಲದಾಗ ಹೋಗ್ತಿತ್ತು. ಬರದು ಕೇಳಿದ್ರ ಬರದೇ ಹೇಳ್ಬೇಕಂತ. ಮಂತ್ರಿಗೇನು ಗೊತ್ತು? ಬೆಂಗಳೂರಿಂದ ರಾಯಚೂರಿಗೆ, ರಾಯಚೂರಿಂದ ಇಲ್ಲಿಗೆ, ಇಳಕೋತ ಇಳಕೋತ ಬಂದು ಕಾಗದ ನಮ್ಮನಿಯವ್ರ ಟೇಬಲ್ ಮ್ಯಾಲ ಬಿತ್ತು. ಗುಮಾಸ್ತ ಅಂದ್ರ ಅಷ್ಟ ನೋಡು, ಮಂತ್ರಿ ಆಡೋ ಮಾತು ಇವ್ರು ಬರೀಬೇಕು.

ಇವ್ರು ಹೋದ ವರ್ಷದ ಉತ್ತರಾನೇ ನೋಡಿ ಇಳಿಸಿದ್ರು, ಎಲ್ಲವೂ ಸುಸ್ಥಿತಿಯಲ್ಲಿವೆ ಅಂತ. ಆ ಎಮ್ಮೆಲ್ಲೆ ಸುಮ್ನಿರಬೇಕಲ್ಲ, ತಿರುಗಿ ಬರದ. ಯಾವ ಓಣಿ, ಯಾರ ಮನಿ ಮುಂದ, ಹೆಸರು ಹೇಳ್ರಿ ಅಂತ. ನಮ್ಮ ಕುಂಬಾರ ಓಣಿ ಪಾಳಿ ಬಂದಾಗ ಇವ್ರು "ಬೂದೆಮ್ಮನ ಮನೆ ಮುಂದೆ" ಅಂತ ಬರದು ಬಿಟ್ಟಾರ. ಬೆಂಗಳೂರಿಂದ ಯಾರು ಬಂದು ನೋಡ್ತಾರಂತ.

ಈಗ ಬರಾಕತ್ತಾರ. ಇವತ್ತ. ರಾಯಚೂರಿನ ಸಾಹೇಬ್ರು, ಆ ಅಚ್ಚಿನ ಕಾಗದ ಹಿಡಕೊಂಡು.

ನೀ ಒಂದ ಮಾತು ಹೇಳವ್ವ. ಬೋರಿಂಗು ಇತ್ತು, ಕೆಟ್ಟಿತ್ತು, ರಿಪೇರಿಗೆ ಒಯ್ದಾರ. ಇಲ್ಲಂದ್ರ ಇವ್ರ ನೌಕರಿ ಹೋಗ್ತದ…

ಗ್ವಾಡಿಗೆ ಕಿವಿಗೊಟ್ಟು ಏನು ಕೇಳಾಕತ್ತಿ? ಅದಾ? ನಮ್ಮ ಸೊಸಿ ರುಬ್ಬಾಕತ್ತಿರಬೇಕು.

…ಹೌದು, ರುಬ್ಬೋ ಕಲ್ಲು ಹಂಗ ಕಿರ್ರ್ ಅನ್ನಂಗಿಲ್ಲ.

ಹಂಗ ನೋಡಬ್ಯಾಡ. ಕೊರಿಯೋ ಮಷಿನ್ನಿನವ್ರು ನಿನ್ನ ಮನಿ ಮುಂದ ಕೊರಿಯಾಕಂತನ ಬಂದಿದ್ರು, ಇಲ್ಲಿ ಬರೇ ಕಲ್ಲು ಅದ, ನಮ್ಮ ಹಿತ್ತಲದಾಗ ನೀರು ಅದ ಅಂದ್ರು. ಅಂದ್ರು ಅಂದ್ರ… ನಾನ ಅನಿಸ್ದೆ. ಎರಡು ಸಲ ಚಾ ಕುಡಿಸಿ, ಕೋಳಿ ಕೊಯ್ದು ಅನಿಸ್ದೆ.

ಅಂದ್ರ ನಿನಗ ಮೊದ್ಲೇ ಗೊತ್ತಿತ್ತು? ಎರಡು ವರ್ಷ ಈ ಸಪ್ಪಳ ಕೇಳ್ಕೋತ ಕೊಡ ಹೊತ್ತು ಊರ ಹೊರಗಿನ ಬಾವಿಗೆ ಹೋದಿ? ಒಂದು ಸಲನಾದ್ರೂ ಬಂದು ನನ್ನ ಕೇಳ್ಬೇಕಿಲ್ಲ? ಕೇಳಿದ್ರ ನಾ ಒಂದೆರಡು ಕೊಡ ನೀರು… ಇಲ್ಲ. ಕೊಡ್ತಿದ್ದಿಲ್ಲ. ಅದು ನನಗೂ ಗೊತ್ತದ.

ಏನಾರ ಅನ್ನು ಬೂದೆವ್ವ. ಬೈಯಿ ಬೇಕಾದ್ರ.

ತಡಿ. ಜೀಪು ನಿಂತಂಗಾತು. ಬೂದೆಮ್ಮನ ಮನಿ ಇದೇನಾ ಅಂತ ಕೇಳಾಕತ್ತಾರ. ನೀ ಯಾಕ ಎದ್ದಿ? ಕುಂದ್ರು, ಬಾಗ್ಲಾ ನಾ ತೆಗೀತೀನಿ… ನಾ ತೆಗೀತೀನಿ ಅಂದೆನಲ್ಲವ್ವ… ಆ ಖಾಲಿ ಕೊಡ ಯಾಕ ತಗೊಂಡಿ—